ಹತ್ತು ಮನೆ, ಹತ್ತು ಗುಂಡಿ

ಕಾಮಯಗೌಂಡನ್‌ಪಟ್ಟಿಯ ತಂಗರಾಜನಿಗೆ ಗೊತ್ತಿಲ್ಲದ ವಿಷಯಗಳು ಜಗತ್ತಿನಲ್ಲಿ ಬೇಕಾದಷ್ಟಿದ್ದವು. ಆದರೆ ‘ಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಹೊರಬಿದ್ದದ್ದನ್ನು ಕೇಳಿದವರು ಊರಲ್ಲಿ ಯಾರೂ ಇರಲಿಲ್ಲ. ಎಮ್ಮೆಗೆ ಮದ್ದು ಕೇಳಿದರೂ ಹೇಳುತ್ತಿದ್ದ, ಪಳನಿಗೆ ಹತ್ತಿರದ ದಾರಿ ಕೇಳಿದರೂ ಹೇಳುತ್ತಿದ್ದ. ಎಮ್ಮೆಗಳು ತಮ್ಮ ಪುಣ್ಯದಿಂದ ಬದುಕಿಕೊಂಡವು; ಪಳನಿಗೆ ಹೊರಟವರು ತಡವಾಗಿಯಾದರೂ ತಲುಪಿದರು. ಹಾಗಾಗಿ ಅವನ ವಿದ್ಯೆಯ ಮೇಲೆ ಯಾರಿಗೂ ಗುಮಾನಿ ಬಂದಿರಲಿಲ್ಲ. ಅವನಿಗಂತೂ ಮೊದಲಿನಿಂದಲೂ ಇರಲಿಲ್ಲ.

ಅವನ ಹೊಟ್ಟೆಪಾಡು ದ್ರಾಕ್ಷಿ ತೋಟದ್ದು. ಊರಲ್ಲಿ ನಾಲ್ಕು ಜನ ಮಾತಾಡಿಸುತ್ತಿದ್ದದ್ದು ಮಾತ್ರ ‘ತಂಗಂ ಸೌಂಡ್ ಸರ್ವೀಸ್’ ಎಂಬ ಮೈಕ್ ಸೆಟ್ಟಿನಿಂದ. ಮದುವೆ, ಸೀಮಂತ, ಕಿವಿ ಚುಚ್ಚುವುದು, ಎಲ್ಲಕ್ಕೂ ಅವನ ಸ್ಪೀಕರುಗಳು ಹೋಗುತ್ತಿದ್ದವು. ಅಲ್ಲೆಲ್ಲ ಸದ್ದು ಜೋರಾಗಿದ್ದರೆ ಸಾಕು, ಏನು ಹೇಳಿದರು ಎಂಬುದು ಯಾರಿಗೂ ಬೇಕಿರಲಿಲ್ಲ. ಹೀಗಾಗಿ ವ್ಯಾಪಾರ ಸುಸೂತ್ರವಾಗಿ ನಡೆಯುತ್ತಿತ್ತು.

ತೊಂದರೆ ಬಂದದ್ದು ಅಮ್ಮನ ಗುಡಿಯಲ್ಲಿ. ಯಾವುದೋ ಕಾಲದಲ್ಲಿ ಕನ್ನಡ ನಾಡಿನಿಂದ ನಡೆದು ಬಂದು ತಮಿಳುನಾಡಿನ ಕಂಬಂ ಕಣಿವೆಯಲ್ಲಿ ನೆಲೆನಿಂತ ಹತ್ತು ಮನೆತನಗಳ ಗುಡಿ ಅದು. ಈ ಜನ ಬೀದಿಯಲ್ಲಿ ತಮಿಳು ಆಡುತ್ತಾರೆ, ಅಡುಗೆಮನೆಯಲ್ಲಿ ಕನ್ನಡ ಆಡುತ್ತಾರೆ, ಜಗಳಕ್ಕೆ ಮಾತ್ರ ಎರಡನ್ನೂ ಬಳಸುತ್ತಾರೆ. ಗುಡಿಯ ಮುಂದೆ ಹತ್ತು ಕಲ್ಲುಗಳ ಸಾಲಿದೆ, ಮನೆತನಕ್ಕೊಂದು. ಆಷಾಢದ ಹೊತ್ತಿಗೆ ಬರುವ ಆಡಿ ತಿಂಗಳಲ್ಲಿ ಒಂದು ದಿನ ಎಲ್ಲರೂ ತಂತಮ್ಮ ಕಲ್ಲಿನ ಮೇಲೆ ದೀಪ ಹಚ್ಚುತ್ತಾರೆ. ಒಬ್ಬರ ಕಲ್ಲಿಗೆ ಇನ್ನೊಬ್ಬರ ಬೆರಳು ತಾಕುವ ಹಾಗಿಲ್ಲ. ತಾಕಿದರೆ ಎರಡು ತಲೆಮಾರು ಮಾತು ಬಿಟ್ಟ ಉದಾಹರಣೆಗಳಿವೆ. ಆಮೇಲೆ ತಾಂಬೂಲ, ನೀರು. ಮೊದಲು ಹೊಳೆಮನೆಯವರಿಗೆ, ಕೊನೆಗೆ ಬೇವಿನಮನೆಯವರಿಗೆ. ಹೊಳೆಮನೆಯವರು ಯಾಕೆ ಮೊದಲು ಎಂದು ಕೇಳಿದರೆ, ಅವರು ಮೊದಲಿನಿಂದಲೂ ಮೊದಲು ಎಂಬ ಉತ್ತರ ಸಿಗುತ್ತದೆ.

ತಾಂಬೂಲಕ್ಕೆ ಮುಂಚೆ ಒಂದು ಹಾಡು ಆಗಬೇಕು. ಹಳೆಯ ಕನ್ನಡದ ಹಾಡು. ಅದು ಈಗ ಪೂರ್ತಿ ಬರುವುದು ಗೋಮತಿಯತ್ತೆ ಒಬ್ಬಳಿಗೆ. ತಂಗರಾಜನ ಸೋದರಮಾವನ ಹೆಂಡತಿ ಅವಳು. ಮಾವ ಹೋಗಿ ಬಹಳ ಕಾಲವಾಯಿತು. ಹಾಡು ನಡೆಯುವಾಗಲೇ ಗಂಡಸರು ಯಾರು ಎಲ್ಲಿ ನಿಲ್ಲಬೇಕೆಂದು ಜಗಳ ಮುಗಿಸಿಕೊಳ್ಳಬೇಕಾದ್ದರಿಂದ, ಅದರಲ್ಲಿ ಏನಿದೆ ಎಂದು ಕೇಳಿಸಿಕೊಳ್ಳಲು ಯಾರಿಗೂ ಪುರುಸೊತ್ತು ಇರುತ್ತಿರಲಿಲ್ಲ. ಈಚೆಗಂತೂ ಅತ್ತೆಯ ಗಂಟಲು ಎದುರಿನ ದೀಪಕ್ಕೂ ಕೇಳದಷ್ಟು ತೆಳುವಾಗಿತ್ತು.

ಹೋದ ವರ್ಷ ತಂಗರಾಜನೇ ಮುಂದೆ ಬಿದ್ದು ಅವಳಿಗೆ ಮೈಕ್ ಕಟ್ಟಿದ. ಆಡಿಯ ಗಾಳಿ ಬೆಟ್ಟದಿಂದ ಇಳಿದು ನೇರ ಮೈಕಿನೊಳಗೆ ಹೊಕ್ಕಿತು. ಕೆಳಗಿನಿಂದ ‘ಗುಂ’ ಎಂದು ಗುಡುಗು, ಮೇಲಿನಿಂದ ‘ಕುಂಯ್’ ಎಂದು ಸಿಳ್ಳೆ. ನಡುವೆ ಎಲ್ಲೋ ಅತ್ತೆ. ಹಾಡು ಮುಗಿಸಿ ಅವಳು ಮೈಕಿನಲ್ಲೇ “ಕೇಳ್ತಾ?” ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಆ ಪ್ರಶ್ನೆಯೂ ಯಾರಿಗೂ ಕೇಳಿಸಿರಲಿಲ್ಲ.

ಅವಳು ಸೆರಗು ಕೊಡವಿಕೊಂಡು ತಂಗರಾಜನ ಹತ್ತಿರ ಬಂದಳು. “ಇನ್ನೊಂದೇ ವರ್ಸ ಹಾಡ್ತೀನಪ್ಪಾ. ಆಗಲೂ ಕೇಳ್ನಿಲ್ಲಾಂದ್ರೆ ಬುಟ್ಬುಡ್ತೀನಿ. ನಾ ಹೋಗುವಾಗ ಅದೂ ನನ್ ಕೂಡವೇ ಬರ್ಲಿ.”

“ಅತ್ತೇ, ಮುಂದಿನ ವರ್ಸ ಕೇಳೋ ಹಾಂಗೆ ಮಾಡ್ತೀನಿ. ಅದ್ಕೆ ಒಂದು ಮಿಷಿನ್ ಐತೆ, ನಂಗೊತ್ತು,” ಎಂದುಬಿಟ್ಟ ತಂಗರಾಜ. ಅಂಥ ಯಂತ್ರ ಇದೆಯೋ ಇಲ್ಲವೋ ಅವನಿಗೆ ತಿಳಿದಿರಲಿಲ್ಲ. ಆದರೆ ಮಾತು ಕೊಟ್ಟದ್ದು ನಿಜ, ಅತ್ತೆಯ ಮುಖ ನೋಡಿ ಕೊಟ್ಟದ್ದೂ ನಿಜ.

ಯಂತ್ರ ನಿಜವಾಗಿಯೂ ಇತ್ತು. ದಿಂಡಿಗಲ್ಲಿನ ಒಂದು ಅಂಗಡಿಯಲ್ಲಿ ಹಳೆಯ ಸಾಮಾನಿನ ನಡುವೆ ಕೂತಿತ್ತು. ಗ್ರಾಫಿಕ್ ಈಕ್ವಲೈಸರ್. ಕಬ್ಬಿಣದ ಚಪ್ಪಟೆ ಪೆಟ್ಟಿಗೆ. ಮುಂಭಾಗದಲ್ಲಿ ಮೇಲೆ ಕೆಳಗೆ ಜಾರುವ ಹತ್ತು ಗುಂಡಿಗಳ ಸಾಲು. ಒಳಗೆ ಹೋದ ಸದ್ದನ್ನು ಅದು ದಪ್ಪದಿಂದ ಸಣ್ಣದರವರೆಗೆ ಹತ್ತು ಪಾಲು ಮಾಡುತ್ತದೆ. ಬೇಕಾದ ಪಾಲನ್ನು ಏರಿಸಬಹುದು, ಬೇಡದ್ದನ್ನು ಇಳಿಸಬಹುದು. ಇಷ್ಟನ್ನೇ ಅಂಗಡಿಯವನು ವಿವರಿಸಲು ಹೊರಟಿದ್ದ. ತಂಗರಾಜ ಕೈ ಎತ್ತಿ ತಡೆದು, “ಅದೆಲ್ಲಾ ನಮಗೆ ಹೇಳಬೇಕೆ?” ಎಂದು ತಮಿಳಿನಲ್ಲಿ ಹೇಳಿ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ಉತ್ತಮಪಾಳಯಂ ಬರುವವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ. ಅದೂ ಇವನನ್ನು ನೋಡಿತು. ಇಬ್ಬರಿಗೂ ಏನೂ ತಿಳಿಯಲಿಲ್ಲ.

ಮರುದಿನ ಅತ್ತೆಯನ್ನು ಕರೆತಂದು, ತಾರಸಿಯ ಮೇಲೆ ಗಾಳಿಗೆ ಎದುರಾಗಿ ಕೂರಿಸಿ, ಮೈಕ್ ಕೈಗೆ ಕೊಟ್ಟ. ಅವಳು ಮೊದಲ ಸಾಲನ್ನೇ ಮತ್ತೆ ಮತ್ತೆ ಹಾಡಿದಳು. ಇವನು ಒಂದೊಂದೇ ಗುಂಡಿಯನ್ನು ಆ ಕಡೆ ಈ ಕಡೆ ಎಳೆದಾಡಿದ. ಮೊದಲನೆಯದನ್ನು ಪೂರ್ತಿ ಕೆಳಗೆಳೆದಾಗ ಗುಡುಗು ನಿಂತಿತು. ಎಂಟನೆಯದನ್ನು ಎಳೆದಾಗ ಸಿಳ್ಳೆ ಸತ್ತಿತು. ಉಳಿದದ್ದು ಅತ್ತೆಯ ದನಿ ಮಾತ್ರ, ಹಿತ್ತಿಲಲ್ಲಿ ಕೋಳಿ ಕರೆಯುವಾಗ ಇರುವಷ್ಟು ಸ್ಪಷ್ಟವಾಗಿ. ತಂಗರಾಜ ತಿಳಿಯದೆ ಮಾಡಿದ ಕೆಲಸಗಳಲ್ಲಿ ಸರಿಹೋದದ್ದು ಇದೊಂದೇ. ಅತ್ತೆ, ತಂಗರಾಜನ ಹೆಂಡತಿ ಪಾಂಡೀಶ್ವರಿ ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು ಹೋದಳು. ಅವಳ ಮಟ್ಟಿಗೆ ಅದು ದೊಡ್ಡ ಮೆಚ್ಚುಗೆ.

ಅದೇ ಸಂಜೆ ಜೆಯಕುಮಾರ್ ಬಂದ. ದ್ರಾಕ್ಷಿ ಮಂಡಿ ಇಟ್ಟವನು, ಎಂಟನೆಯ ಮನೆಯಾದ ಹುಣಸೆಮನೆಯವನು, ಅತ್ತೆಯ ಮೈದುನನ ಮಗ. ತಂಗರಾಜನಿಗೆ ವರಸೆಯಲ್ಲಿ ಮಾಪ್ಳೆ, ಅಂದರೆ ಬಾವಮೈದುನ. ಯಾವ ವಸ್ತು ಕಂಡರೂ ಕಣ್ಣಿಗಿಂತ ಮೊದಲು ಕೈಯಿಂದ ನೋಡುವ ಅಭ್ಯಾಸ ಅವನದು.

“ಏನ್ ಬಾವಾ, ಹೊಸಾ ಮಿಷಿನ್ನಾ? ಈ ಗುಂಡಿ ಎಲ್ಲಾ ಯಾಕೆ?” ಎನ್ನುತ್ತ ನೇರ ಮೊದಲನೆಯದಕ್ಕೇ ಬೆರಳು ಹಾಕಿದ.

ಪಡಬಾರದ ಪಾಡು ಪಟ್ಟು ಹುಡುಕಿದ ಜಾಗ ಅದು. ಆ ಜನ ಕೈ ಹಿಂದೆಗೆಯುವಂತೆ ಮಾಡುವ ಮಾತು ಒಂದೇ ಒಂದು. ಅದು ತಾನಾಗಿಯೇ ತಂಗರಾಜನ ಬಾಯಿಗೆ ಬಂತು.

“ಮುಟ್ಟಬ್ಯಾಡ ಮಾಪ್ಳೇ! ಅದು ಹೊಳೆಮನೆಯವರ್ದು!”

ಜೆಯಕುಮಾರನ ಕೈ ಬೆಂಕಿ ತಾಕಿದಂತೆ ಹಿಂದೆ ಬಂತು. “ಹೊಳೆಮನೆಯವರ್ದಾ? ಅಂದ್ರೆ… ಮನೆಗೊಂದಾ?”

ಇಲ್ಲಿ ನಿಲ್ಲಿಸಬಹುದಿತ್ತು. ಬುದ್ಧಿವಂತರು ನಿಲ್ಲಿಸುತ್ತಾರೆ. “ಮತ್ತೇನು? ಹತ್ತು ಮನೆ, ಹತ್ತು ಗುಂಡಿ. ಅಳೆದು ಮಾಡ್ಸಿದ ಹಾಂಗೆ ಐತಲ್ಲ!” ಎಂದ ತಂಗರಾಜ.

ಜೆಯಕುಮಾರ್ ಗಾಳಿಯಲ್ಲೇ ಬೆರಳಾಡಿಸುತ್ತ ಎಣಿಸಿದ. ಎಂಟಕ್ಕೆ ಬಂದು ನಿಂತ. ಬಗ್ಗಿ ನೋಡಿದ. “ಬಾವಾ,” ಎಂದ, “ಎಂಟನೇದು ನಮ್ದು. ನೆಲ ಕಚ್ಚೈತೆ.”

ತಂಗರಾಜನಿಗೆ ತನ್ನ ಪೆಟ್ಟಿಗೆ ಹೇಗಿದೆ ಎಂದು ಆಗ ಕಾಣಿಸಿತು. ಹತ್ತರಲ್ಲಿ ಎಂಟು ಎದೆಮಟ್ಟದಲ್ಲಿ ನಿಂತಿದ್ದವು. ಕೆಳಗೆ ಬಿದ್ದಿದ್ದದ್ದು ಎರಡೇ: ಊರಿಗೆಲ್ಲ ಮೊದಲ ಮರಿಯಾದೆಯ ಮನೆ, ಮತ್ತು ಊರಿಗೆಲ್ಲ ಮೊದಲು ಸಿಟ್ಟಾಗುವ ಮನೆ.

ಜೆಯಕುಮಾರ್ ಹೊರಟ ರಭಸಕ್ಕೆ ಬಾಗಿಲಲ್ಲಿದ್ದ ಚಪ್ಪಲಿಗಳು ಜೋಡಿ ತಪ್ಪಿದವು. ಸುದ್ದಿ ಊರು ಸುತ್ತಿ ಬರಲು ಎಷ್ಟು ಹೊತ್ತಾಯಿತೋ ತಿಳಿಯದು; ತಂಗರಾಜ ಕೈಕಾಲು ತೊಳೆದು ಊಟಕ್ಕೆ ಕೂರುವಷ್ಟರಲ್ಲಿ ಅದು ಅಡುಗೆಮನೆಗೇ ಬಂದಿತ್ತು.

“ಐದನೇದು ನಮ್ದು ತಾನೇ?” ಎಂದಳು ಪಾಂಡೀಶ್ವರಿ, ಅನ್ನ ಬಡಿಸುತ್ತ. “ಇನ್ನೊಂಚೂರು ಏರ್ಸಿ.”

“ಅಯ್ಯೋ, ಅದು ಸುಳ್ಳು ಕಣೇ. ನಾನೇ ಸುಮ್ಮಾ ಹೇಳಿದ್ದು.”

“ಸುಳ್ಳಾದ್ರೆ ಏರ್ಸೋಕೆ ಏನು ಕಷ್ಟ?”

ಆಮೇಲೆ ಬಂದವರೆಲ್ಲ ಇದನ್ನೇ ಕೇಳಿದರು. ಮೂರನೆಯ ಮನೆಯವರು ಒಂದು ಗೊನೆ ಬಾಳೆಹಣ್ಣು ತಂದು, ತಮ್ಮದು ಎರಡನೆಯವರಿಗಿಂತ ಒಂದು ಕೂದಲೆಳೆ ಮೇಲಿದ್ದರೆ ಸಾಕೆಂದರು. ಎರಡನೆಯವರು ಅದಕ್ಕಿಂತ ದೊಡ್ಡ ಗೊನೆ ತಂದರು. ಬೇವಿನಮನೆಯ ಮುತ್ತುಕುಮಾರ್ ಮಾತ್ರ ಏನೂ ಕೇಳಲಿಲ್ಲ. ಗುಡಿಯ ಚಾಪೆ, ಕೊಡ, ಹಂಡೆ ಎಲ್ಲ ಹೊತ್ತು ತರುವವನು ಅವನೇ. ಮೈಕ್ ಸೆಟ್ಟನ್ನು ಯಾವಾಗ ಒಯ್ಯಬೇಕು ಎಂದಷ್ಟೇ ಕೇಳಿ ಹೋದ.

ಮರುದಿನ ಹೊಳೆಮನೆಯ ರಂಗಗೌಂಡರ್ ತಾವೇ ಬಂದರು. ಗೋಮತಿಯತ್ತೆಯ ತಮ್ಮ ಅವರು, ಬಿಳಿ ಮೀಸೆ, ಬಿಳಿ ವೇಷ್ಟಿ ಪಂಚೆ. ಎಂದೂ ಯಾರ ಮನೆಗೂ ತಾವಾಗಿ ಹೋದವರಲ್ಲ. ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಸಿಕೊಂಡು ತಮ್ಮ ಗುಂಡಿಯನ್ನು ಬಹಳ ಹೊತ್ತು ನೋಡಿದರು.

“ಮಾಮಾ, ಸತ್ಯವಾಗೂ ಹೇಳ್ತೀನಿ, ಆ ಗುಂಡಿಗೂ ನಿಮ್ ಮನೆಗೂ ಏನೂ ಸಂಬಂಧ ಇಲ್ಲ,” ಎಂದ ತಂಗರಾಜ. “ಅದು ಗಾಳಿ ಸದ್ದಿಂದು. ಅದನ್ನ ಏರ್ಸಿದ್ರೆ ಅತ್ತೆ ಹಾಡು ಕೇಳಂಗಿಲ್ಲ.”

ರಂಗಗೌಂಡರ್ ಮೀಸೆ ನೇವರಿಸಿದರು. “ಸುಳ್ಳಾದ್ರೆ ಮೇಲಿಡು. ನಿಜಾ ಆದ್ರೆ ಮೇಲಿಡ್ಲೇ ಬೇಕು,” ಎಂದು ಎದ್ದು ಹೋದರು.

ಜೀವಮಾನವಿಡೀ ಅವನು ಹೇಳಿದ ಸುಳ್ಳನ್ನೆಲ್ಲ ನಂಬಿದ್ದ ಊರು, ಅವನು ಮೊದಲ ಸಲ ನಿಜ ಹೇಳಿದಾಗ ನಂಬಲಿಲ್ಲ. ಇದರಲ್ಲಿ ಊರಿನ ತಪ್ಪೇನೂ ಇಲ್ಲ.

ಮೈಕಿಗೆ ಪೊಲೀಸ್ ಸ್ಟೇಷನ್ನಿನಲ್ಲಿ ಪರ್ಮಿಷನ್ ಬೇಕು. ತಂಗರಾಜ ಅರ್ಜಿ, ಪೆಟ್ಟಿಗೆ ಎರಡನ್ನೂ ಹಿಡಿದು ಹೋದಾಗ ಹತ್ತು ಮನೆಯವರೂ ಅವನಿಗಿಂತ ಮೊದಲೇ ಅಲ್ಲಿದ್ದರು. ಹೊಸದಾಗಿ ಬಂದಿದ್ದ ಎಸ್‌ಐ ತಮಿಳಿನವರು. ಯಾರದೋ ಹೊಲದ ಬದು ಒತ್ತುವರಿಯಾಗಿದೆ ಎಂದೇ ಬಹಳ ಹೊತ್ತು ತಿಳಿದಿದ್ದರು. ಕೊನೆಗೆ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಡಿಸಿದರು. ಒಂದು ಕಣ್ಣು ಮುಚ್ಚಿ ನೋಡಿದರು. ನೀರು ಕುಡಿದರು.

“ಹತ್ತೂ ಒಂದೇ ಮಟ್ಟದಲ್ಲಿರಬೇಕು,” ಎಂದು ತಮಿಳಿನಲ್ಲಿ ತೀರ್ಪು ಕೊಟ್ಟರು. “ಮೇಲೂ ಇಲ್ಲ, ಕೆಳಗೂ ಇಲ್ಲ. ಇಲ್ಲದಿದ್ದರೆ ಮೈಕೇ ಇಲ್ಲ.”

ಹೆಡ್ ಕಾನ್‌ಸ್ಟೇಬಲ್ ಸ್ಕೇಲ್ ಇಟ್ಟು ಸಾಲು ನೇರ ಮಾಡಿದರು. ಅದರ ಮೇಲೆ ಈ ತುದಿಯಿಂದ ಆ ತುದಿಗೆ ಅಂಟುಟೇಪು ಹಚ್ಚಿದರು. ಎಲ್ಲರಿಗೂ ಸಮಾಧಾನವಾಯಿತು. ಸಾಲು ನೇರವಾಗಿದ್ದರೆ ಪೆಟ್ಟಿಗೆ ಇದ್ದೂ ಇಲ್ಲದ ಹಾಗೆ, ಹೋದ ವರ್ಷದ ಗುಡುಗು, ಹೋದ ವರ್ಷದ ಸಿಳ್ಳೆ ಎಂಬುದು ತಂಗರಾಜನಿಗೊಬ್ಬನಿಗೇ ಗೊತ್ತಿತ್ತು. ಅವನು ಬಾಯಿ ತೆರೆದ. ಊರಿನವರು ಅವನನ್ನು ನೋಡಿದ ರೀತಿಗೆ ಮತ್ತೆ ಮುಚ್ಚಿದ. ಬರುವಾಗ ಬಸ್ಸಿನಲ್ಲಿ ಜಾಗವಿದ್ದರೂ ನಿಂತುಕೊಂಡೇ ಬಂದ.

ದೀಪದ ದಿನ ಬಂತು. ಗಾಳಿಯೂ ಬಂತು. ಬೆಟ್ಟದ ಕಡೆಯಿಂದ ಬೀಸಿ ಚಪ್ಪರದ ತೆಂಗಿನ ಗರಿಗಳನ್ನು ಬಡಿದಾಡಿಸುತ್ತಿತ್ತು. ಹತ್ತು ಕಲ್ಲಿನ ಮೇಲೆ ಹತ್ತು ದೀಪ ಹಚ್ಚಿ, ಗಾಳಿಗೆ ಮಡಕೆಯ ಚೂರು ಮರೆ ಮಾಡಿದರು. ಹೆಂಗಸರಿಗೆ ಕಲ್ಲಿಲ್ಲ, ಅವರು ಎಣ್ಣೆ ಹೊತ್ತು ತಂದು ಪಕ್ಕಕ್ಕೆ ನಿಂತರು. ಗಂಡಸರು ನಿಲ್ಲುವ ಜಾಗದ ಜಗಳ ಶುರು ಮಾಡಿದರು. ಟೇಪಿನ ಕಾವಲಿಗೆ ಹೆಡ್ ಕಾನ್‌ಸ್ಟೇಬಲ್ ಒಂದು ಸ್ಟೂಲಿನ ಮೇಲೆ ಕೂತಿದ್ದರು.

ಗೋಮತಿಯತ್ತೆ ಮೆಟ್ಟಿಲ ಮೇಲೆ ನಿಂತು ಬಾಯಿ ತೆರೆದಳು. ಗುಂ ಎಂದಿತು. ಕುಂಯ್ ಎಂದಿತು. ಹೆಂಗಸರ ನಡುವೆ ಇದ್ದ ಅತ್ತೆಯ ಮೊಮ್ಮಗಳು ತಮಿಳರಸಿ ಕಿವಿ ಮುಚ್ಚಿಕೊಂಡಳು.

ಅತ್ತೆ ನಿಲ್ಲಿಸಿದಳು. ಹೋದ ವರ್ಷ ನಿಲ್ಲಿಸಿರಲಿಲ್ಲ. ತಂಗರಾಜ ತಲೆ ತಗ್ಗಿಸಿದ. ಅವನಿಗೆ ಅಳು ಬಂತು, ನಿಜವಾಗಿಯೂ ಬಂತು.

ಅವಳು ಮೆಟ್ಟಿಲಿಳಿದು ಪೆಟ್ಟಿಗೆಯ ಹತ್ತಿರ ಬಂದಳು. “ಏನೋ ಇದು? ಅವತ್ತು ತಾರಸಿ ಮೇಲೆ ಚೆನ್ನಾಗಿತ್ತಲ್ಲ?”

“ಅವತ್ತು ಎರಡು ಗುಂಡಿ ಕೆಳಗಿದ್ವು ಅತ್ತೇ. ಇವತ್ತು ಇಳಿಸೋ ಹಾಂಗಿಲ್ಲ. ಇವ್ರೆಲ್ಲಾ… ಅದು ಅವರವರ ಮನೇದಂತೆ.”

“ಯಾವ್ಯಾವುದು ಇಳೀಬೇಕು?”

“ಒಂದು ಹೊಳೆಮನೆ. ಒಂದು ಹುಣಸೆಮನೆ,” ಎಂದ ತಂಗರಾಜ, ತನಗೇ ಕೇಳಿಸದ ದನಿಯಲ್ಲಿ. ಹೀಗೆ ಹೇಳುವಾಗ ಅವನಿಗೂ ಅದು ನಿಜವೆಂದೇ ಅನಿಸತೊಡಗಿತ್ತು.

ಅತ್ತೆ ತಿರುಗಿ ನೋಡಿದಳು. ಒಂದು ಕಡೆ ತಮ್ಮ, ಇನ್ನೊಂದು ಕಡೆ ಮೈದುನನ ಮಗ. ಇಬ್ಬರೂ ಎದೆ ಸೆಟೆದು ನಿಂತಿದ್ದರು.

“ರಂಗಾ, ಹೊಳೆಮನೆ ನಾ ಹುಟ್ಟಿದ್ದು ತಾನೇ?”

“ಹೌದಕ್ಕಾ.”

“ಜೆಯಾ, ಹುಣಸೆಮನೆ ನನ್ನ ಕೊಟ್ಟಿದ್ದು ತಾನೇ?”

“ಹೌದು ದೊಡ್ಡಮ್ಮಾ, ಆದ್ರೆ ನಮ್ ಮಾನಂ…”

“ಎರಡೂ ನನ್ ಮನೆ. ನಿಮ್ ಎಲ್ಲಾರಿಗೂ ಒಂದೊಂದೇ, ನಂಗೆ ಎರಡು. ನನ್ ಮನೇನ ನಾನು ಇಳಿಸ್ಕೋತೀನಿ. ಬಾಕಿ ಎಂಟು ಮನೆಯವರ್ಗೆ ಏನಾರಾ ಕಷ್ಟ ಐತಾ?”

ಬಾಕಿ ಎಂಟು ಮನೆಯವರಿಗೆ ಕಷ್ಟವೇನೂ ಇರಲಿಲ್ಲ. ಒಳಗೊಳಗೇ ಖುಷಿಯೇ ಇತ್ತು. ರಂಗಗೌಂಡರ್ ಚಿಕ್ಕಂದಿನಲ್ಲಿ ತಮ್ಮನ್ನು ಕಂಕುಳಲ್ಲಿ ಹೊತ್ತು ತಿರುಗಿದ ಅಕ್ಕನಿಗೆ ದಾರಿ ಬಿಟ್ಟು ನಿಂತರು. ಜೆಯಕುಮಾರ್ ತಿರುಗಿ ಹೆಡ್ ಕಾನ್‌ಸ್ಟೇಬಲ್ ಅವರನ್ನು ನೋಡಿದ. ಅವರು ಬೆಟ್ಟ ನೋಡುತ್ತಿದ್ದರು. ಅತ್ತೆ ಉಗುರಿನಿಂದ ಟೇಪು ಕಿತ್ತು, ಒಂದನೆಯದನ್ನು ಎಳೆದಳು, ಎಂಟನೆಯದನ್ನು ಎಳೆದಳು, ಸೆರಗಿಗೆ ಕೈ ಒರೆಸಿಕೊಂಡು ಮೆಟ್ಟಿಲು ಹತ್ತಿದಳು.

ಗುಡುಗಿಲ್ಲ. ಸಿಳ್ಳೆಯಿಲ್ಲ. ಒಂದು ಮುದಿ ದನಿ ಇಡೀ ಬೀದಿ ತುಂಬ ನಡೆದು ಹೋಯಿತು.

“ಹೊಳೆಮನೆ ಅಣ್ಣಯ್ಯ ಮೊದಲೇ ದಣಿದಾನೆ,
ಕಲ್ಲ ಮೇಲೆ ಕೂತಾನೆ, ಕಾಲು ಹಿಡಿದಾನೆ,
ದಣಿದವಗೆ ಮೊದಲ ನೀರು ಕೊಡಿರವ್ವಾ.”

ಜಾಗದ ಜಗಳ ನಿಂತಿತು. ರಂಗಗೌಂಡರ್ ತಮ್ಮ ಕಲ್ಲನ್ನು ನೋಡಿದರು. ತಲೆಮಾರುಗಳಿಂದ ಎದೆಯುಬ್ಬಿಸಿಕೊಂಡು ಪಡೆಯುತ್ತಿದ್ದ ಮೊದಲ ಮರಿಯಾದೆ, ಕನ್ನಡ ನಾಡಿನಿಂದ ನಡೆದು ಬರುವಾಗ ಕಾಲುನೋವಿನ ಅಜ್ಜನೊಬ್ಬ ಎಲ್ಲರಿಗಿಂತ ಮೊದಲು ಕುಸಿದು ಕೂತದ್ದಕ್ಕೆ ಸಿಕ್ಕದ್ದು. ಅಷ್ಟೇ. ಎರಡನೆಯ ಮನೆಯವನಿಗೆ ಮುಳ್ಳು ಚುಚ್ಚಿತ್ತು. ಮೂರನೆಯವನಿಗೆ ಜ್ವರ. ನಾಲ್ಕನೆಯವನು ಮಗುವನ್ನು ಹೊತ್ತಿದ್ದ. ಐದನೆಯವನು ದಾರಿ ತನಗೆ ಗೊತ್ತೆಂದು ಹೇಳಿ ಎಲ್ಲರನ್ನೂ ಒಂದು ಬೆಟ್ಟ ಸುಮ್ಮನೆ ಸುತ್ತಿಸಿ, ಕೊನೆಗೆ ತಾನೇ ದಣಿದು ಕೂತಿದ್ದ. ಪಾಂಡೀಶ್ವರಿ ಹೆಂಗಸರ ಸಾಲಿನಿಂದ ಗಂಡನ ಕಡೆ ನೋಡಿದಳು. ತಂಗರಾಜ ಪೆಟ್ಟಿಗೆಯ ಹಿಂದೆ ವೈರೊಂದನ್ನು ಹುಡುಕತೊಡಗಿದ.

“ಹುಣಸೆಮನೆ ಅಣ್ಣಯ್ಯ ದಣಿಯೆನೆಂದಾನೆ,
ಜಂಬ ಮುಗಿಯೋ ಮುಂಚೆ ಬಿದ್ದು ಹೋದಾನೆ,
ಬಿದ್ದವನ ಬಾಯಿಗೆ ನೀರು ಬಿಡಿರವ್ವಾ.”

ಯಾರೋ ನಕ್ಕರು. ಜೆಯಕುಮಾರ್ ಸಿಟ್ಟಿನಿಂದ ತಿರುಗಿದ. ನಕ್ಕದ್ದು ಅವನ ಹೆಂಡತಿ. ಆಮೇಲೆ ಅವನಿಗೂ ತಡೆಯಲಾಗಲಿಲ್ಲ. ಅಷ್ಟರಲ್ಲಿ ಮೂರನೆಯ ಮನೆಯ ಹಿರಿಯರು ತಂಗರಾಜನ ಪಕ್ಕಕ್ಕೆ ಸರಿದು, “ನಮ್ದೂ ಒಂಚೂರು ಇಳಿಸಪ್ಪಾ, ನಮ್ಮಜ್ಜನಿಗೂ ಜ್ವರ ಇತ್ತಲ್ಲ,” ಎಂದು ಕಿವಿಯಲ್ಲಿ ಹೇಳಿದರು.

ಹತ್ತನೆಯ ಮನೆಗೆ ಬಂದಾಗ ಅತ್ತೆಯ ಉಸಿರು ಸಣ್ಣದಾಯಿತು. ಆದರೂ ಪ್ರತಿ ಅಕ್ಷರ ಕೇಳುತ್ತಿತ್ತು.

“ಬೇವಿನಮನೆ ತಮ್ಮಯ್ಯ ಇನ್ನೂ ಕೂತಿಲ್ಲ,
ಒಂಬತ್ತು ಮನೆ ಗಂಟು ಹೆಗಲಿಳಿಸಿಲ್ಲ,
ಉಳಿದಷ್ಟು ನೀರು ಅವಗೆ ಇಡಿರವ್ವಾ.”

ಎಲ್ಲರೂ ಹಿಂದಕ್ಕೆ ತಿರುಗಿದರು. ಮುತ್ತುಕುಮಾರ್ ಕೊನೆಯ ಸಾಲಿನಲ್ಲಿ, ಯಾವಾಗಲೂ ನಿಲ್ಲುವ ಜಾಗದಲ್ಲೇ ನಿಂತಿದ್ದ. ಹೆಗಲ ಮೇಲೆ ಸುತ್ತಿದ ಚಾಪೆಗಳಿದ್ದವು. ಎಲ್ಲರೂ ಯಾಕೆ ತನ್ನನ್ನು ನೋಡುತ್ತಿದ್ದಾರೆಂದು ತಿಳಿಯದೆ ಅವನಿಗೆ ನಾಚಿಕೆಯಾಯಿತು.

ಹಾಡು ಮುಗಿಯಿತು. ಅತ್ತೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಪೂಜಾರಿ ವಾಡಿಕೆಯಂತೆ ತಾಂಬೂಲದ ತಟ್ಟೆ, ನೀರಿನ ಚೊಂಬು ಹಿಡಿದು ರಂಗಗೌಂಡರ ಮುಂದೆ ಬಂದ. ರಂಗಗೌಂಡರ್ ಚೊಂಬನ್ನು ತೆಗೆದುಕೊಂಡರು. ಕುಡಿಯಲಿಲ್ಲ. ವೇಷ್ಟಿಯ ಅಂಚು ಒಂದು ಕೈಯಲ್ಲಿ ಎತ್ತಿ ಹಿಡಿದು ಮೆಟ್ಟಿಲು ಹತ್ತಿದರು.

“ಅಕ್ಕಾ, ದಣಿದ್ಯಾ?”

“ದಣಿದ್ನಪ್ಪಾ.”

“ಹಾಂಗಾದ್ರೆ ಮೊದಲ ನೀರು ನಿಂದು.”

ಮೈಕ್ ಇನ್ನೂ ಅವಳ ಮಡಿಲಲ್ಲೇ ಇತ್ತು. ತಂಗರಾಜನ ಕೈ ಸ್ವಿಚ್ಚಿನವರೆಗೆ ಹೋಗಿ ನಿಂತಿತು. ಅತ್ತೆ ಚೊಂಬು ಎತ್ತಿ ಕುಡಿದಳು. ಗಂಟಲಿನಲ್ಲಿ ನೀರು ಇಳಿಯುವ ಸದ್ದು, ಒಂದೊಂದು ಗುಟುಕೂ, ಬೀದಿಯ ಕೊನೆಯವರೆಗೆ ಕೇಳಿತು.

ಅವಳು ಬಾಯಿ ಒರೆಸಿಕೊಂಡಳು. ಮೈಕ್ ಇದೆ ಎಂಬುದು ಮರೆತಿತ್ತೋ ನೆನಪಿತ್ತೋ, ಹೋದ ವರ್ಷದ ಪ್ರಶ್ನೆಯನ್ನೇ ಕೇಳಿದಳು.

“ಕೇಳ್ತಾ?”

ತಂಗರಾಜ ಉತ್ತರ ಕೊಡಲು ಹೊರಟ. ಯಾರು ಏನು ಕೇಳಿದರೂ ಮೊದಲು ಉತ್ತರ ಕೊಡುವವನು ಅವನೇ ತಾನೇ. ಆದರೆ ಈ ಸಲ ಅವನಿಗಿಂತ ಮೊದಲು ಇನ್ನೊಂದು ದನಿ ಬಂತು. ಹೆಂಗಸರ ಸಾಲಿನಿಂದ ತಮಿಳರಸಿ, ಅಜ್ಜಿ ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ, ತಡವರಿಸಿ ತಡವರಿಸಿ ಹೇಳಿದಳು.

“ಕೇಳ್ತು ಅಜ್ಜೀ. ಆ ನಾಕನೇ ಮನೆ ಮಗು… ಅದು ಏನಾಯ್ತು?”

“ಬಾ, ಹೇಳ್ತೀನಿ,” ಎಂದಳು ಅತ್ತೆ, ಮೆಟ್ಟಿಲ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತ.